ಪೈನ್ ಎಲೆ ಬೆರೆತ ಮಣ್ಣು

ಮೇಡಂ ಕ್ಯೂರಿಯ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ನಾನು ಐದನೇ ತರಗತಿಯವರೆಗೆ ಓದಿದ ಉರ್ದು ಶಾಲೆಯ ಪುಸ್ತಕದಲ್ಲಿ ಆಕೆ ಇದ್ದರು. ಆಮೇಲೆ ಸೇರಿದ ಕನ್ನಡ ಶಾಲೆಯ ಪುಸ್ತಕದಲ್ಲೂ ಇದ್ದರು. ಭಾಷೆ ಬೇರೆಯಾದರೂ ಕಥೆ ಒಂದೇ. ವಾರ್ಸಾದ ಬಡ ಮೇಷ್ಟ್ರ ಮಗಳು, ಪ್ಯಾರಿಸ್ಸಿನ ಚಳಿ, ಮಳೆಗೆ ಸೋರುವ ಶೆಡ್ಡು, ಕತ್ತಲಲ್ಲಿ ನೀಲಿಯಾಗಿ ಮಿನುಗುವ ರೇಡಿಯಂ, ಕೊನೆಗೆ ಎರಡು ನೊಬೆಲ್ ಬಹುಮಾನ. ಹೆಣ್ಣುಮಕ್ಕಳನ್ನು ಓದಿಸಿ ಎಂದು ಹೇಳುವ ಸಭೆಗಳಲ್ಲಿ ಈ ಕಥೆಯನ್ನು ನಾನೂ ಹಲವು ಸಲ ಹೇಳಿದ್ದೇನೆ. ಮೊಹಲ್ಲಾದ ತಾಯಂದಿರು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ ಕೇಳುವ ಕಥೆಗಳಲ್ಲಿ ಇದೂ ಒಂದು. ಅದರ ಕೆಲಸ ಅದು ಮಾಡುತ್ತಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಕಥೆ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. ಮನೆಯೊಳಗೆ ಮದುವೆ ನಡೆಯುತ್ತಿದ್ದರೆ ನಮ್ಮ ಕಣ್ಣು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿರುವವಳ ಕಡೆಗೆ ಹೋಗುತ್ತದೆ. ಮೇರಿ ಕ್ಯೂರಿಯವರ ಮಗಳು ಈವ್ 1937ರಲ್ಲಿ ತಾಯಿಯ ಜೀವನಚರಿತ್ರೆ ಪ್ರಕಟಿಸಿದರು. ಅದರಲ್ಲಿ ಒಂದು ಪ್ರಸಂಗವಿದೆ. ಕಲ್ಲಿದ್ದಲು ತರುವಂಥ ಒಂದು ಗಾಡಿ ಪ್ಯಾರಿಸ್ಸಿನ ಶಾಲೆಯ ಮುಂದೆ ಬಂದು ನಿಲ್ಲುತ್ತದೆ. ಗಾಡಿಯ ತುಂಬ ಮೂಟೆಗಳು. ಮೇರಿಗೆ ತಡೆಯಲಾಗುವುದಿಲ್ಲ, ಅಲ್ಲೇ ಒಂದು ಮೂಟೆಯ ಬಾಯಿ ಬಿಚ್ಚಿ ಕೈ ಹಾಕುತ್ತಾರೆ. ಒಳಗೆ ಕಂದು ಬಣ್ಣದ ಮಣ್ಣು. ಆ ಮಣ್ಣಿನಲ್ಲಿ ಪೈನ್ ಮರದ ಸೂಜಿಯಂಥ ಎಲೆಗಳು ಬೆರೆತಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಲೆಗಳು. ಪೈನ್ ಎಲೆ ಇದೆ ಅಂದರೆ ಆ ಮಣ್ಣು ಯಾವುದೋ ಕಾಡಿನಿಂದ ಬಂದಿದೆ. ಕಾಡು ಇದ್ದರೆ ಅದರ ಪಕ್ಕ ಊರು ಇರಬೇಕು, ಊರಿದ್ದರೆ ಜನ ಇರಬೇಕು. ಅವರು ಯಾರು? ನಮ್ಮ ಪುಸ್ತಕಗಳು ಆಸ್ಟ್ರಿಯಾ ದೇಶದಿಂದ ಅದಿರು ತರಿಸಿಕೊಂಡರು ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದವು. ಆ ಒಂದು ಸಾಲಿನ ಹಿಂದೆ ಹೊರಟು ನಾನು ತಲುಪಿದ ಊರಿನ ಹೆಸರು ಯಾಖಿಮೊವ್.

ಈ 'ಖಿ'ಯನ್ನು ನಮ್ಮ ಉರ್ದುವಿನ 'ಖಾಲಾ' ಅನ್ನುವಾಗ ಗಂಟಲಿನಿಂದ ಬರುತ್ತದಲ್ಲ, ಹಾಗೆ ಓದಿಕೊಳ್ಳಬೇಕು. ಇಂದಿನ ಚೆಕ್ ದೇಶದ ವಾಯವ್ಯ ಅಂಚಿನಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಅದಿರಿನ ಬೆಟ್ಟಗಳ ನಡುವೆ ಒಂದು ಇಕ್ಕಟ್ಟಾದ ಕಣಿವೆ. ಈಗ ಅಲ್ಲಿ ಮೂರು ಸಾವಿರಕ್ಕಿಂತ ಕಡಿಮೆ ಜನ. ಜರ್ಮನ್ ಭಾಷೆಯಲ್ಲಿ ಅದರ ಹೆಸರು ಸಾಂಕ್ಟ್ ಯೋವಾಖಿಮ್ಸ್‌ಟಾಲ್, ಅಂದರೆ ಸಂತ ಯೋವಾಖಿಮನ ಕಣಿವೆ. ಕ್ರೈಸ್ತ ಪರಂಪರೆಯಲ್ಲಿ ಯೋವಾಖಿಮ್ ಮೇರಿಯ ತಂದೆ. ನಮ್ಮಲ್ಲಿ ಮರಿಯಮಳ ತಂದೆಯ ಹೆಸರು ಇಮ್ರಾನ್. ಮೇರಿಯ ತಂದೆಯ ಹೆಸರು ಹೊತ್ತ ಊರಿನ ಮಣ್ಣನ್ನು ಸುಮಾರು 380 ವರ್ಷಗಳ ನಂತರ ಇನ್ನೊಬ್ಬ ಮೇರಿ ಕೇಳಿ ತರಿಸಿಕೊಂಡಳು. ಕಥೆಯಲ್ಲಿ ಹೀಗೆ ಬರೆದರೆ ಸಂಪಾದಕರು ನಂಬುವುದಿಲ್ಲ. ಚರಿತ್ರೆಗೆ ಆ ಭಯ ಇಲ್ಲ.

ಊರು ಹುಟ್ಟಿದ್ದು 1516ರಲ್ಲಿ, ಬೆಳ್ಳಿಗಾಗಿ. ಶ್ಲಿಕ್ ಎಂಬ ಜಮೀನ್ದಾರಿ ಮನೆತನ ಅಲ್ಲಿನ ಬೆಳ್ಳಿಯನ್ನು ಅಗೆಸಿತು, 1520ರ ಹೊತ್ತಿಗೆ ಅದರಿಂದ ದೊಡ್ಡ ದಪ್ಪ ನಾಣ್ಯಗಳನ್ನು ಅಚ್ಚು ಹಾಕಿಸಿತು. ಯೋವಾಖಿಮ್ಸ್‌ಟಾಲಿನ ನಾಣ್ಯವಾದ್ದರಿಂದ ಜನ ಅದನ್ನು ಯೋವಾಖಿಮ್ಸ್‌ಟಾಲರ್ ಅಂದರು. ಅಷ್ಟುದ್ದದ ಹೆಸರು ಸಂತೆಯಲ್ಲಿ ಯಾರ ಬಾಯಲ್ಲಿ ನಿಲ್ಲುತ್ತದೆ? ತಲೆ ಕತ್ತರಿಸಿ 'ಟಾಲರ್' ಮಾಡಿಕೊಂಡರು. ಅದೇ ಪದ ಡಚ್ಚರ ಬಾಯಲ್ಲಿ 'ಡಾಲರ್' ಆಗಿ, ಇಂಗ್ಲಿಷಿಗೆ ಹೋಗಿ, ಸಮುದ್ರ ದಾಟಿ ಅಮೆರಿಕದ ಹಣದ ಹೆಸರಾಯಿತು. ಇಂದು ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರು ಮನೆಗೆ ಹಣ ಕಳಿಸುವ ದಿನ 'ಡಾಲರ್ ಎಷ್ಟಾಗಿದೆ' ಎಂದು ಫೋನಿನಲ್ಲಿ ನೋಡುತ್ತಾರಲ್ಲ, ಅವರಿಗೆ ಗೊತ್ತಿಲ್ಲದೆ ಒಂದು ಬೊಹೀಮಿಯಾದ ಕಣಿವೆಯ ಹೆಸರನ್ನು ಹೇಳುತ್ತಿರುತ್ತಾರೆ.

1530ರ ದಶಕದಲ್ಲಿ ಆ ಕಣಿವೆಯಲ್ಲಿ ಸುಮಾರು 18,000 ಜನ ಇದ್ದರಂತೆ. ಬೊಹೀಮಿಯಾದಲ್ಲಿ ಪ್ರಾಗ್ ನಗರವನ್ನು ಬಿಟ್ಟರೆ ಅದೇ ದೊಡ್ಡದು. 1527ರಲ್ಲಿ ಅಲ್ಲಿಗೆ ಊರಿನ ವೈದ್ಯನಾಗಿ ಬಂದವನು ಗೆಯೋರ್ಗಿಯುಸ್ ಅಗ್ರಿಕೋಲ. ಗಣಿಯವರ ಜೊತೆ ಮಾತಾಡುತ್ತಾ, ಅವರ ಹಾರೆ ಗುದ್ದಲಿಗಳನ್ನು ನೋಡುತ್ತಾ, ಅವರ ಕೆಮ್ಮು ಕೇಳುತ್ತಾ ಕಲಿತದ್ದನ್ನೆಲ್ಲ ಅವನು ಲ್ಯಾಟಿನ್ನಿನಲ್ಲಿ ಬರೆದಿಟ್ಟ. 'ದೆ ರೆ ಮೆಟಾಲಿಕ' ಎಂಬ ಆ ದೊಡ್ಡ ಪುಸ್ತಕ ಅವನು ತೀರಿಕೊಂಡ ಮರುವರ್ಷ, 1556ರಲ್ಲಿ ಹೊರಬಂತು. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ. ಹೂವರ್ ಆಮೇಲೆ ಡಾಲರಿನ ದೇಶಕ್ಕೇ ಅಧ್ಯಕ್ಷರಾದರು.

ಅಗ್ರಿಕೋಲ ಗಣಿಯ ಯಂತ್ರಗಳ ಬಗ್ಗೆ ಬರೆದು ಸುಮ್ಮನಾಗಲಿಲ್ಲ. ಗಣಿಯ ಧೂಳು ಎದೆಗೆ ಇಳಿದು ಶ್ವಾಸಕೋಶವನ್ನು ತಿನ್ನುತ್ತದೆ ಎಂದ. ಕಾರ್ಪೇಥಿಯನ್ ಬೆಟ್ಟದ ಗಣಿಗಳಲ್ಲಿ ಒಬ್ಬರ ನಂತರ ಒಬ್ಬರಂತೆ ಏಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದಾರೆ ಎಂದು ಬರೆದ. ಗಂಡಂದಿರು ಏನಾದರು ಎಂದು ಬೇರೆ ಹೇಳಬೇಕಾಗಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಗಣಿಯೊಳಗೆ ಗಾಳಿ ಆಡುವಂತೆ ಮಾಡಿ ಎಂದು ಸಲಹೆ ಕೊಟ್ಟ. ಯಾವ ವಿಷ, ಹೇಗೆ ಕೊಲ್ಲುತ್ತದೆ ಎಂಬುದು ಆ ಕಾಲಕ್ಕೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಜನ ಸಾಯುತ್ತಿದ್ದಾರೆ ಎಂಬುದು 1556ರಲ್ಲೇ ಅಚ್ಚಾಗಿತ್ತು. ಓದುಗರು ಈ ಇಸವಿಯನ್ನು ನೆನಪಿಟ್ಟುಕೊಳ್ಳಬೇಕು.

ಬೆಳ್ಳಿ ಬಹಳ ಕಾಲ ಬಾಳಲಿಲ್ಲ. ಅಗೆಯುತ್ತಾ ಹೋದಂತೆ ಬೆಳ್ಳಿಯ ಎಳೆ ಮುಗಿದು ಕರಿ ಕಲ್ಲು ಸಿಗುತ್ತಿತ್ತು. ತೂಕದ ಕಲ್ಲು, ಟಾರಿನಂತೆ ಹೊಳೆಯುವ ಕಲ್ಲು, ಕೆಲಸಕ್ಕೆ ಬಾರದ ಕಲ್ಲು. ಗಣಿಯವರು ಅದನ್ನು ಪೆಕ್‌ಬ್ಲೆಂಡ ಅಂದರು, ಇಂಗ್ಲಿಷಿನಲ್ಲಿ ಪಿಚ್‌ಬ್ಲೆಂಡ್. ಜರ್ಮನ್ನಿನಲ್ಲಿ 'ಪೆಕ್' ಅಂದರೆ ಟಾರು, ಇನ್ನೊಂದು ಅರ್ಥ ಕೆಟ್ಟ ನಸೀಬು. ಕರಿ ಕಲ್ಲು ಕಾಣಿಸಿತೆಂದರೆ ಬೆಳ್ಳಿ ಮುಗಿಯಿತು, ಕೂಲಿ ಮುಗಿಯಿತು ಅಂತ ಲೆಕ್ಕ. ಆ ಕಲ್ಲನ್ನು ಬೈದು ಪಕ್ಕಕ್ಕೆ ಎಸೆಯುತ್ತಿದ್ದರು.

1789ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಕ್ಲಾಪ್ರೋಟ್ ಪಿಚ್‌ಬ್ಲೆಂಡಿನಲ್ಲಿ ಒಂದು ಹೊಸ ಲೋಹ ಇದೆ ಎಂದು ಕಂಡುಹಿಡಿದು, ಎಂಟು ವರ್ಷದ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಹೆಸರನ್ನು ಅದಕ್ಕೆ ಇಟ್ಟ. ಅದೇ ಯುರೇನಿಯಂ. ಅದರ ಲವಣ ಬೆರೆಸಿದರೆ ಗಾಜಿಗೆ ಚಂದದ ಹಳದಿ, ಹಸಿರು ಬಣ್ಣ ಬರುತ್ತದೆ. ಬೊಹೀಮಿಯಾ ಗಾಜಿನ ಕೆಲಸಕ್ಕೆ ಹೆಸರಾದ ನಾಡು. 1850ರ ದಶಕದಲ್ಲಿ ಯೋವಾಖಿಮ್ಸ್‌ಟಾಲಿನಲ್ಲಿ ಯುರೇನಿಯಂ ಬಣ್ಣದ ಸರ್ಕಾರಿ ಕಾರ್ಖಾನೆ ಶುರುವಾಯಿತು. ಶ್ರೀಮಂತರ ಮನೆಯ ಹೂದಾನಿಗೆ, ಲೋಟಕ್ಕೆ ಬಣ್ಣ ಹೋಗುತ್ತಿತ್ತು. ಬಣ್ಣ ತೆಗೆದು ಉಳಿದ ಚರಟವನ್ನು ಪಕ್ಕದ ಪೈನ್ ಕಾಡಿನಲ್ಲಿ ಸುರಿಯುತ್ತಿದ್ದರು. ಮೇರಿ ಮೂಟೆಯಲ್ಲಿ ಕೈ ಹಾಕಿದಾಗ ಸಿಕ್ಕಿದ ಎಲೆಗಳು ಆ ಮರಗಳವು.

ಆಕೆಗೆ ಆ ಚರಟ ಯಾಕೆ ಬೇಕಾಯಿತು? 1896ರಲ್ಲಿ ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿ ಯುರೇನಿಯಂ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಹೊರಬಿಡುತ್ತದೆ ಎಂದು ಗಮನಿಸಿದ್ದರು. 1897ರ ಕೊನೆಯಲ್ಲಿ, ಮೊದಲ ಮಗು ಹುಟ್ಟಿ ಮೂರು ತಿಂಗಳಾಗಿದ್ದಾಗ, ಮೇರಿ ಈ ವಿಷಯವನ್ನು ಸಂಶೋಧನೆಗೆ ಎತ್ತಿಕೊಂಡರು. ಗಂಡ ಪಿಯರ್ ಮತ್ತು ಅವನ ಅಣ್ಣ ಸೇರಿ ಹಿಂದೆ ಮಾಡಿದ್ದ ಒಂದು ಸೂಕ್ಷ್ಮ ಉಪಕರಣದಿಂದ ಸಿಕ್ಕ ಸಿಕ್ಕ ಖನಿಜಗಳನ್ನೆಲ್ಲ ಅಳೆಯುತ್ತಾ ಹೋದರು. ಪಿಚ್‌ಬ್ಲೆಂಡಿನ ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಅದರಲ್ಲಿರುವ ಯುರೇನಿಯಂ ಕೊಡಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಿರಣ ಬರುತ್ತಿತ್ತು. ಇನ್ನೊಬ್ಬರಾಗಿದ್ದರೆ ಉಪಕರಣ ಕೆಟ್ಟಿದೆ ಅನ್ನುತ್ತಿದ್ದರೇನೋ. ಮೇರಿ ಮತ್ತೆ ಮತ್ತೆ ಅಳೆದು, ಇದರೊಳಗೆ ನಮಗೆ ಗೊತ್ತಿಲ್ಲದ ಇನ್ನೇನೋ ಇದೆ ಎಂದರು. 1898ರ ಜುಲೈಯಲ್ಲಿ ಗಂಡ ಹೆಂಡತಿ ಪೊಲೋನಿಯಂ ಎಂಬ ಹೊಸ ಧಾತುವನ್ನು ಪ್ರಕಟಿಸಿದರು. ಆಗ ನಕ್ಷೆಯಲ್ಲಿ ಇಲ್ಲದಿದ್ದ ತನ್ನ ಪೋಲೆಂಡಿನ ಹೆಸರನ್ನು ಮೇರಿ ಅದಕ್ಕೆ ಇಟ್ಟರು. ಅದೇ ವರ್ಷದ ಡಿಸೆಂಬರ್ 26ರಂದು ರೇಡಿಯಂ.

ಪ್ರಕಟಿಸಿದರೆ ಸಾಲದು, ಕಣ್ಣಿಗೆ ತೋರಿಸಬೇಕು, ತೂಗಿ ಕೊಡಬೇಕು. ಅದಕ್ಕೆ ಟನ್ನುಗಟ್ಟಲೆ ಪಿಚ್‌ಬ್ಲೆಂಡ್ ಬೇಕು. ಯುರೇನಿಯಂ ಇದ್ದ ಅದಿರಿಗೆ ಬೆಲೆ ಇತ್ತು. ಕೊಳ್ಳುವ ಶಕ್ತಿ ಈ ದಂಪತಿಗೆ ಇರಲಿಲ್ಲ. ಆದರೆ ತಮಗೆ ಬೇಕಾದ್ದು ಯುರೇನಿಯಂ ಅಲ್ಲವಲ್ಲ! ಅದನ್ನು ತೆಗೆದು ಎಸೆದ ಚರಟದಲ್ಲೇ ರೇಡಿಯಂ ಉಳಿದಿರಬೇಕು. ವಿಯೆನ್ನಾ ವಿಜ್ಞಾನ ಅಕಾಡೆಮಿಯ ಎಡ್ವರ್ಡ್ ಜ್ಯೂಸ್ ಎಂಬ ಹಿರಿಯ ಭೂವಿಜ್ಞಾನಿಗೆ ಕೇಳಿಕೊಂಡರು. ಅವರು ಸರ್ಕಾರಕ್ಕೆ ಹೇಳಿದರು. ಕಾಡಿನಲ್ಲಿ ಬಿದ್ದ ಕಸವನ್ನು ಕೇಳುವ ಈ ವಿಚಿತ್ರ ಗಿರಾಕಿಗಳಿಗೆ ಆಸ್ಟ್ರಿಯಾ ಸರ್ಕಾರ ಒಂದು ಟನ್ನಿನಷ್ಟನ್ನು ಪುಕ್ಕಟೆ ಕೊಟ್ಟಿತು. ಸಾಗಿಸುವ ಖರ್ಚು ಮಾತ್ರ ಇವರದು. ಮುಂದೆ ಇನ್ನೂ ಹಲವು ಟನ್ ಬಂತು.

ಆಮೇಲಿನದು ನಮಗೆಲ್ಲ ಗೊತ್ತಿರುವ ಶೆಡ್ಡಿನ ಕಥೆ. ಹಿಂದೆ ವೈದ್ಯಕೀಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ ಜಾಗ ಅದು. ಹೊಗೆ ಹೋಗಲು ಕೊಳವೆ ಇಲ್ಲದ್ದರಿಂದ ಅಂಗಳದಲ್ಲಿ ಕೊಪ್ಪರಿಗೆ ಇಟ್ಟು ಕುದಿಸುವುದು. ಒಂದು ಸಲಕ್ಕೆ ಇಪ್ಪತ್ತು ಕಿಲೋ. ತನ್ನಷ್ಟೇ ಎತ್ತರದ ಕಬ್ಬಿಣದ ಕೋಲಿನಿಂದ ದಿನವಿಡೀ ತಿರುವುದು. ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಯ ದೇಗ್ ಮುಂದೆ ನಿಲ್ಲುವ ಬಾವರ್ಚಿಯನ್ನು ನೋಡಿದವರಿಗೆ ಆ ಕೆಲಸದ ಭಾರ ತಿಳಿಯುತ್ತದೆ. ಆದರೆ ಬಾವರ್ಚಿಯ ಕೆಲಸ ರಾತ್ರಿಗೆ ಮುಗಿಯುತ್ತದೆ. ಮೇರಿಯದು ವರ್ಷಗಟ್ಟಲೆ ನಡೆಯಿತು. ಕರಗಿಸು, ಸೋಸು, ಹರಳುಗಟ್ಟಿಸು, ಮತ್ತೆ ಕರಗಿಸು. 1902ರಲ್ಲಿ ಟನ್ನುಗಟ್ಟಲೆ ಚರಟದ ಕೊನೆಗೆ ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಕೈಗೆ ಬಂತು. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಅದನ್ನು ತೆಗೆಯುವ ವಿಧಾನಕ್ಕೆ ಗಂಡ ಹೆಂಡತಿ ಪೇಟೆಂಟ್ ಮಾಡಿಸಲಿಲ್ಲ. ಕೇಳಿದವರಿಗೆಲ್ಲ ಹೇಳಿಕೊಟ್ಟರು.

ಆ ಚಿಟಿಕೆ ಎಲ್ಲಿಗೆ ಬಂದು ಮುಟ್ಟಿತು ಎಂಬುದಕ್ಕೆ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. 2011ರಲ್ಲಿ ನನ್ನ ಖಾಲಾಗೆ, ಅಂದರೆ ಅಮ್ಮನ ತಂಗಿಗೆ, ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ವಾರ್ಡಿನಲ್ಲಿ ರಾಯಚೂರಿನವರು, ಚಾಮರಾಜನಗರದವರು, ಎಲ್ಲೆಲ್ಲಿಯವರೋ ಇದ್ದರು. ಅಲ್ಲಿ ಯಾರೂ ರೇಡಿಯೇಷನ್ ಅನ್ನುವುದಿಲ್ಲ. 'ಕರೆಂಟ್ ಕೊಡ್ತಾರೆ' ಅನ್ನುತ್ತಾರೆ. 'ನಿಮಗೆಷ್ಟು ಕರೆಂಟ್ ಆಯ್ತು?' 'ನನ್ನದು ಹದಿನೆಂಟು, ಇನ್ನೇಳು ಉಳಿದಿದೆ.' ಖಾಲಾ ಮೊದಲ ದಿನವೇ ಈ ಭಾಷೆ ಕಲಿತು ನಮ್ಮ ದಖನಿಯಲ್ಲಿ ಅಮ್ಮನಿಗೆ ಫೋನಿನಲ್ಲಿ ಹೇಳಿದರು: 'ಕರೆಂಟ್ ದೇತೇಂ ಕತೆ, ಆಪಾ.' ಕರೆಂಟ್ ಕೊಡ್ತಾರಂತೆ, ಅಕ್ಕಾ. ಆ 'ಕತೆ' ಅನ್ನುವುದು ನಮ್ಮ ಕನ್ನಡದ 'ಅಂತೆ'.

ಹೊರಗಿನಿಂದ ಕೊಡುವ ಕರೆಂಟ್ ಮುಗಿದ ಮೇಲೆ ಒಳಗಿನಿಂದ ಕೊಡುವುದಿತ್ತು. ರೋಗ ಇರುವ ಜಾಗದ ಹತ್ತಿರಕ್ಕೇ ಕಿರಣದ ಪುಟ್ಟ ಮೂಲವನ್ನು ಒಯ್ದು, ಲೆಕ್ಕ ಹಾಕಿದಷ್ಟು ಹೊತ್ತು ಇಟ್ಟು ತೆಗೆಯುವ ಚಿಕಿತ್ಸೆ. ಒಂದು ಕಾಲದಲ್ಲಿ ಇದಕ್ಕೆ ರೇಡಿಯಂ ತುಂಬಿದ ಸೂಜಿ, ಕೊಳವೆಗಳನ್ನು ಬಳಸುತ್ತಿದ್ದರು. ಈಗ ರೇಡಿಯಂ ಇಲ್ಲ. ಇರಿಡಿಯಂ, ಕೋಬಾಲ್ಟ್ ಬಂದಿವೆ. ಆದರೆ ಫ್ರೆಂಚರು ಈ ಚಿಕಿತ್ಸೆಯನ್ನು ಇವತ್ತಿಗೂ ಕ್ಯೂರಿಥೆರಪಿ ಎಂದೇ ಕರೆಯುತ್ತಾರೆ. ಅವತ್ತು ಸಂಜೆ ಖಾಲಾ ಒಂದು ಪ್ರಶ್ನೆ ಕೇಳಿದರು. 'ಎಲ್ಲ ಸರಿಮಾಡಿ, ಮಲಗಿಸಿ, ಆ ಹುಡುಗಿ ಹೊರಗೆ ಓಡಿಹೋದಳು ಬೇಟಾ. ಬಾಗಿಲು ನೋಡಿದೆಯಾ, ಬ್ಯಾಂಕಿನ ತಿಜೋರಿಯ ಹಾಗಿದೆ. ಒಳ್ಳೆಯ ಔಷಧ ಆದರೆ ಕೊಡುವವರು ಯಾಕೆ ಓಡಬೇಕು?'

ನಾನು ಹೇಳಿದೆ, 'ನಿಮಗೆ ಇದು ಕೆಲವೇ ಸಲ ಖಾಲಾ. ಆ ಹುಡುಗಿ ದಿನಾ ಇಲ್ಲೇ ಇರುವವಳು. ದಿನಾ ತಗೊಂಡರೆ ಅವಳಿಗೇ ಕಾಯಿಲೆ ಬರುತ್ತದೆ. ಅವಳ ಕೋಟಿನ ಮೇಲೆ ಒಂದು ಬಿಲ್ಲೆ ಇತ್ತಲ್ಲ, ಅವಳ ಮೈಗೆ ಎಷ್ಟು ಬಿತ್ತು ಅಂತ ಅದು ಲೆಕ್ಕ ಇಡುತ್ತದೆ.' ಖಾಲಾ ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದರೆ ಸರಿ, ಅವಳದೂ ಚಿಕ್ಕ ವಯಸ್ಸು' ಅಂದರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಇಬ್ಬರು ಮೊಮ್ಮಕ್ಕಳ ಮದುವೆಯಲ್ಲಿ ಮೆಹಂದಿ ಹಾಕಿದರು.

ಆ ಹನ್ನೊಂದು ವರ್ಷಗಳಿಗಾಗಿ ನಾನು ಮೇರಿ ಕ್ಯೂರಿಗೆ ಋಣಿ. ಆದರೆ ಆ ಬಿಲ್ಲೆ, ಆ ದಪ್ಪ ಬಾಗಿಲು ಇದೆಯಲ್ಲ, ಅದರ ಬೆಲೆ ಕೊಟ್ಟವರು ಬೇರೆ. ಅವರನ್ನು ನೋಡಲು ಮತ್ತೆ ಕಣಿವೆಗೆ ಹೋಗಬೇಕು.

ರೇಡಿಯಂ ಚಿನ್ನಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಮೇಲೆ ಯೋವಾಖಿಮ್ಸ್‌ಟಾಲಿನ ನಸೀಬು ತಿರುಗಿತು. ಕಸ ಎಂದು ಪುಕ್ಕಟೆ ಕೊಟ್ಟ ಆಸ್ಟ್ರಿಯಾ ಈಗ ಅದಿರಿನ ಮೇಲೆ ಹಿಡಿತ ಬಿಗಿ ಮಾಡಿತು. 1910ರಲ್ಲಿ ವಿಯೆನ್ನಾದಲ್ಲಿ ರೇಡಿಯಂ ಸಂಶೋಧನಾ ಸಂಸ್ಥೆ ತೆರೆಯಿತು. ಇನ್ನೊಂದು ಆದಾಯವೂ ಹುಟ್ಟಿತು. 1864ರಲ್ಲಿ ಗಣಿಯ ಆಳದಲ್ಲಿ ಬಿಸಿನೀರಿನ ಬುಗ್ಗೆ ಒಡೆದು ಸುರಂಗಗಳು ಮುಳುಗಿದ್ದವು. ಅಂದು ಶನಿ ಎನಿಸಿದ್ದ ಆ ನೀರಿನಲ್ಲಿ ರೇಡಾನ್ ಇದೆ ಎಂದು ತಿಳಿಯಿತು. ಅದು ರೇಡಿಯಂ ಒಡೆಯುವಾಗ ಹುಟ್ಟುವ ಅನಿಲ. 1906ರಲ್ಲಿ ಅಲ್ಲಿ ಸ್ನಾನದ ಚಿಕಿತ್ಸೆ ಶುರುವಾಯಿತು. 1912ರಲ್ಲಿ ಕಣಿವೆಯ ಇಳಿಜಾರಿನಲ್ಲಿ 'ರೇಡಿಯಂ ಪ್ಯಾಲೇಸ್' ಎಂಬ ಅರಮನೆಯಂಥ ಹೋಟೆಲು ತಲೆ ಎತ್ತಿತು. ಕೀಲುನೋವಿನ ಶ್ರೀಮಂತರು ಯೂರೋಪಿನ ಮೂಲೆ ಮೂಲೆಯಿಂದ ಬಂದರು. 1925ರ ಜೂನ್‌ನಲ್ಲಿ ಮೇರಿ ಕ್ಯೂರಿಯೂ ಬಂದರು. ಆಗ ಅದು ಹೊಸ ಚೆಕೊಸ್ಲೊವಾಕಿಯಾ ದೇಶದ ಊರು. ಮೂಟೆಯ ಮಣ್ಣು ಪ್ಯಾರಿಸ್ಸಿಗೆ ಹೋಗಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕಳೆದಿತ್ತು. ಅಲ್ಲಿನ ಬುಗ್ಗೆಗಳಲ್ಲಿ ಒಂದಕ್ಕೆ ಇವತ್ತು ಕ್ಯೂರಿ ಎಂದು ಹೆಸರು; ಒಂದಕ್ಕೆ ಅಗ್ರಿಕೋಲನ ಹೆಸರು; ಇನ್ನೊಂದಕ್ಕೆ, ಪ್ಯಾರಿಸ್ಸಿನಲ್ಲಿ ಮೇರಿಯ ಬಳಿ ಕೆಲಸ ಕಲಿತ ಚೆಕ್ ವಿಜ್ಞಾನಿ ಬೆಹೋನೆಕ್ ಅವರ ಹೆಸರು.

ಮೇಲೆ ಅರಮನೆಯಲ್ಲಿ ಅತಿಥಿಗಳು ನೀರಿನಲ್ಲಿ ಮೈ ಚಾಚಿ ಮಲಗಿದ್ದಾಗ ಕೆಳಗೆ ಗಣಿಯಲ್ಲಿ ಏನಾಗುತ್ತಿತ್ತು? ಅದೇ ಬೆಟ್ಟಸಾಲಿನ ಆಚೆ ಮಗ್ಗುಲಿನ ಶ್ನೇಬೆರ್ಗ್ ಎಂಬ ಊರಿನ ಗಣಿ ಕಾರ್ಮಿಕರನ್ನು ಪರೀಕ್ಷಿಸಿದ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು, ಇವರಲ್ಲಿ ಬಹುಪಾಲು ಜನ ಸಾಯುತ್ತಿರುವುದು ಶ್ವಾಸಕೋಶದ ಗೆಡ್ಡೆಯಿಂದ ಎಂದು 1879ರಲ್ಲೇ ವರದಿ ಮಾಡಿದ್ದರು. ಯಾಖಿಮೊವ್ ಗಣಿಯವರ ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ಪಿರ್ಖಾನ್ ಮತ್ತು ಶಿಕ್ಲ್ ಎಂಬ ವೈದ್ಯರ ಪ್ರಬಂಧ 1932ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಅಗ್ರಿಕೋಲ ಕೇಳಿದ್ದ ಕೆಮ್ಮಿಗೆ ಕೊನೆಗೂ ಹೆಸರು ಸಿಕ್ಕಿತ್ತು. ಸುರಂಗದ ಗಾಳಿಯಲ್ಲಿ ರೇಡಾನ್ ತುಂಬಿರುತ್ತದೆ. ಅದು ಒಡೆದು ಹುಟ್ಟುವ ಕಣಗಳು ಧೂಳಿಗೆ ಅಂಟಿಕೊಂಡು ಎದೆಯೊಳಗೆ ಕೂರುತ್ತವೆ. ಅಲ್ಲಿ ಕೂತು ಕಿರಣ ಬಿಡುತ್ತವೆ. ಇಷ್ಟು ಸ್ಪಷ್ಟವಾದ ವಿವರಣೆ ಬರಲು 1950ರ ದಶಕ ಬೇಕಾಯಿತು. ಆದರೆ ಈ ಗಣಿಗೆ ಇಳಿದವರು ಎದೆಯ ಕ್ಯಾನ್ಸರಿನಿಂದ ಸಾಯುತ್ತಾರೆ ಎಂಬುದು 1932ರ ಹೊತ್ತಿಗೆ ಓದು ಬಲ್ಲ ಯಾರಿಗಾದರೂ ಸಿಗುವ ಮಾತಾಗಿತ್ತು.

ಮೇರಿಯೂ ಆ ಕಿರಣದಿಂದ ತಪ್ಪಿಸಿಕೊಳ್ಳಲಿಲ್ಲ. ಬೆರಳ ತುದಿಗಳು ಸುಟ್ಟು ಗಡುಸಾಗಿದ್ದವು. ಕಣ್ಣಿನ ಪೊರೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಆಯಿತು. 1934ರ ಜುಲೈ 4ರಂದು ರಕ್ತವೇ ಹುಟ್ಟದ ಕಾಯಿಲೆಯಿಂದ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣ ಸೂಸುವುದರಿಂದ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಯಲ್ಲಿವೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಇದನ್ನು ಓದಿದವರಲ್ಲಿ ಕೆಲವರು, ನೋಡಿ, ವಿಜ್ಞಾನ ಕೈ ಹಾಕಬಾರದ ಕಡೆ ಕೈ ಹಾಕಿತು, ಅನುಭವಿಸಿತು ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೇರಿ ಕೈ ಹಾಕದಿದ್ದರೂ ಗಣಿಯವರು ಸಾಯುತ್ತಲೇ ಇದ್ದರು, ಮುನ್ನೂರು ವರ್ಷಗಳಿಂದ ಸಾಯುತ್ತಿದ್ದರು. ಯಾಕೆ ಸಾಯುತ್ತಿದ್ದಾರೆ ಎಂದು ತಿಳಿಯಲು ಬೇಕಾದ ಬೆಳಕು ಬಂದದ್ದು ಆ ಶೆಡ್ಡಿನಿಂದ. ಪಿಯರ್ ಕ್ಯೂರಿ 1905ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ರೇಡಿಯಂ ದುಷ್ಟರ ಕೈಗೆ ಸಿಕ್ಕರೆ ಅಪಾಯ ಎಂದು ಎಚ್ಚರಿಸಿದ್ದರು; ಆದರೂ ಹೊಸ ತಿಳಿವಳಿಕೆಯಿಂದ ಕೆಟ್ಟದ್ದಕ್ಕಿಂತ ಒಳ್ಳೆಯದೇ ಹೆಚ್ಚಾಗುತ್ತದೆ ಎಂಬ ನಂಬಿಕೆ ಅವರದಾಗಿತ್ತು. ಮರುವರ್ಷ ಗಾಡಿಗೆ ಸಿಕ್ಕಿ ತೀರಿಕೊಂಡರು. ಆ ಎಚ್ಚರಿಕೆ ನಿಜವಾದ ದಿನಗಳನ್ನು ಅವರು ನೋಡಲಿಲ್ಲ.

1938ರಲ್ಲಿ ಹಿಟ್ಲರನ ಜರ್ಮನಿ ಆ ಗಡಿಸೀಮೆಯನ್ನು ನುಂಗಿತು. 1939ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಐನ್‌ಸ್ಟೀನ್ ಸಹಿ ಹಾಕಿ ಕಳಿಸಿದ ಆ ಪ್ರಸಿದ್ಧ ಪತ್ರದಲ್ಲಿ, ಜರ್ಮನಿ ತಾನು ವಶಪಡಿಸಿಕೊಂಡ ಚೆಕ್ ಗಣಿಗಳಿಂದ ಯುರೇನಿಯಂ ಮಾರಾಟ ನಿಲ್ಲಿಸಿದೆ ಎಂಬ ಸೂಚನೆ ಇದೆ. ಬಾಂಬಿನ ಚರಿತ್ರೆಯ ಮೊದಲ ಪುಟದಲ್ಲೇ ಈ ಗಣಿಗಳು ಬರುತ್ತವೆ. ಯುದ್ಧ ಮುಗಿದ ಮೇಲೆ ತಲೆತಲಾಂತರದಿಂದ ಅಲ್ಲಿದ್ದ ಜರ್ಮನ್ ಮಾತಿನ ಜನರನ್ನು ಊರು ಬಿಡಿಸಿ ಗಡಿಯಾಚೆ ಕಳಿಸಿದರು. 1945ರ ನವೆಂಬರಿನಲ್ಲಿ ಚೆಕೊಸ್ಲೊವಾಕಿಯಾ ಸೋವಿಯತ್ ಒಕ್ಕೂಟದೊಡನೆ ಗುಪ್ತ ಒಪ್ಪಂದ ಮಾಡಿಕೊಂಡಿತು. ಯುರೇನಿಯಂ ಆ ಕಡೆ ಹೊರಟಿತು. ಅಗೆಯುವವರು ಬೇಕಲ್ಲ? ಮೊದಲು ಜರ್ಮನ್ ಯುದ್ಧಕೈದಿಗಳು. 1949ರಿಂದ ತಮ್ಮದೇ ದೇಶದ ರಾಜಕೀಯ ಕೈದಿಗಳು. ಪಾದ್ರಿಗಳು, ವಿದ್ಯಾರ್ಥಿಗಳು, ಹೊಲ ಬಿಟ್ಟುಕೊಡಲು ಒಪ್ಪದ ರೈತರು, ಹಿಟ್ಲರನ ವಿರುದ್ಧ ಹೋರಾಡಿ ಬಂದಿದ್ದ ಸೈನಿಕರು. 1949ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ದೇಶದ ಐಸ್ ಹಾಕಿ ತಂಡದ ಆಟಗಾರರನ್ನು 1950ರಲ್ಲಿ ಬಂಧಿಸಿ, ಅವರಲ್ಲಿ ಕೆಲವರನ್ನೂ ಇಲ್ಲಿಗೆ ತಂದರು.

ಆ ಗಣಿಗಳ, ಶಿಬಿರಗಳ ಹೆಸರುಗಳನ್ನು ಕೇಳಿ: ರೊವ್ನೊಸ್ತ್, ಸ್ವೊರ್ನೊಸ್ತ್, ಬ್ರಾತ್ರ್‌ಸ್ತ್ವಿ. ಅರ್ಥ: ಸಮಾನತೆ, ಸೌಹಾರ್ದ, ಭ್ರಾತೃತ್ವ. ಸಮಾನತೆಯ ಕನಸು ಕಂಡ ಯಾರಿಗಾದರೂ ಈ ಬೋರ್ಡುಗಳನ್ನು ಓದುವಾಗ ಸಂಕಟವಾಗಬೇಕು. ಕೈದಿಗಳು ತಮ್ಮನ್ನು 'ಮುಕ್ಲ್' ಎಂದು ಕರೆದುಕೊಳ್ಳುತ್ತಿದ್ದರು; ಕೊನೆಗಾಣಿಸಲು ಗೊತ್ತುಮಾಡಿದ ಮನುಷ್ಯ ಎಂಬ ಚೆಕ್ ಪದಗಳ ಮೊದಲಕ್ಷರಗಳವು. ಪಕ್ಕದ ವಿಕ್ಮಾನೊವ್‌ನಲ್ಲಿ ಕೆಂಪಿಟ್ಟಿಗೆಯ ಒಂದು ಗೋಪುರ ಇದೆ. ಅದಿರನ್ನು ಅಲ್ಲಿ ಪುಡಿಮಾಡಿ ಪೀಪಾಯಿಗೆ ತುಂಬಿಸುತ್ತಿದ್ದರು. ಮುಖಕ್ಕೆ ಸರಿಯಾದ ರಕ್ಷಣೆಯಿಲ್ಲ, ಧೂಳೇ ಗಾಳಿ. ಅದಕ್ಕೆ ಉಳಿದ ಹೆಸರು ಕೆಂಪು ಮೃತ್ಯುಗೋಪುರ.

ಇಲ್ಲಿಗೆ ಬಂದಾಗ ನನಗೆ ಮತ್ತೆ ಆ ಇಸವಿಗಳು ಎದುರು ನಿಲ್ಲುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅಗ್ರಿಕೋಲನ ಪುಸ್ತಕ ಹೇಳಿದ್ದು 1556ರಲ್ಲಿ. ಶ್ನೇಬೆರ್ಗಿನ ವರದಿ 1879ರಲ್ಲಿ. ಯಾಖಿಮೊವ್‌ನ ಪ್ರಬಂಧ 1932ರಲ್ಲಿ. ಕೈದಿಗಳನ್ನು ಇಳಿಸಿದ್ದು 1949ರಿಂದ. ಮೇರಿ ತಿಳಿಯದೆ ಮುಟ್ಟಿದರು, ಮುಟ್ಟಿ ತಿಳಿಸಿದರು. ಅದರಲ್ಲಿ ತಮ್ಮ ಮೈಯನ್ನೇ ಸವೆಸಿದರು. ಶಿಬಿರ ಕಟ್ಟಿದವರು ತಿಳಿದೂ ಬೇರೆಯವರ ಮೈಯನ್ನು ಕೆಳಗೆ ಇಳಿಸಿದರು. ಕಲ್ಲು ಅದೇ, ಕಿರಣ ಅದೇ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ವಿಜ್ಞಾನದ ಶಾಪ' ಎಂದು ತೂಗಿಬಿಟ್ಟರೆ ಎರಡನೆಯವರು ಸುಲಭವಾಗಿ ಬಚಾವಾಗುತ್ತಾರೆ. ಅವರಿಗೆ ಕೊರತೆ ಇದ್ದದ್ದು ತಿಳಿವಳಿಕೆಯದಲ್ಲ. ಗಣಿಗೆ ಇಳಿಯುವವನ ಜೀವಕ್ಕೆ ಲೆಕ್ಕ ಇಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

ಶಿಬಿರಗಳು 1961ರ ಹೊತ್ತಿಗೆ ಮುಚ್ಚಿದವು. 1960ರ ದಶಕದ ಮೊದಲ ಭಾಗದಲ್ಲೇ ಯುರೇನಿಯಂ ತೆಗೆಯುವುದೂ ನಿಂತಿತು. 2019ರಲ್ಲಿ ಯುನೆಸ್ಕೊ ಆ ಇಡೀ ಬೆಟ್ಟಸಾಲಿನ ಗಣಿನಾಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳ್ಳಿಯ ಕಾಲದ ಊರು ಸೇರಿದ ಹಾಗೆ ಕೆಂಪು ಗೋಪುರವೂ ಸೇರಿತು. ಇದು ಒಳ್ಳೆಯ ಕೆಲಸ. ನಾಣ್ಯ ಮತ್ತು ನೊಬೆಲ್ಲನ್ನು ಇಟ್ಟುಕೊಂಡು ಗೋಪುರವನ್ನು ಬಿಟ್ಟಿದ್ದರೆ ಅದು ಪರಂಪರೆಯಾಗುತ್ತಿರಲಿಲ್ಲ, ಜಾಹೀರಾತಾಗುತ್ತಿತ್ತು.

ಎಲ್ಲ ಗಣಿಗಳೂ ಸುಮ್ಮನಾದರೂ ಸ್ವೊರ್ನೊಸ್ತ್ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ. 1518ರಲ್ಲಿ ಬೆಳ್ಳಿಗೆಂದು ತೋಡಿದ, 1950ರ ದಶಕದಲ್ಲಿ ಕೈದಿಗಳು ಇಳಿದ ಅದೇ ಬಾವಿ. ಈಗ ಅಲ್ಲಿಂದ ತೆಗೆಯುವುದು ನೀರು. ಸುಮಾರು 500 ಮೀಟರ್ ಆಳದಿಂದ ಬೆಚ್ಚನೆಯ ರೇಡಾನ್ ನೀರನ್ನು ಮೇಲೆತ್ತಿ ಸ್ನಾನದ ಮನೆಗಳಿಗೆ ಹರಿಸುತ್ತಾರೆ. ಬೆನ್ನುನೋವು, ಕೀಲುವಾತದವರು ವಾರಗಟ್ಟಲೆ ಉಳಿದು ಚಿಕಿತ್ಸೆ ಪಡೆಯುತ್ತಾರೆ. ತೊಟ್ಟಿಯಲ್ಲಿ ಮನಸ್ಸು ಬಂದಷ್ಟು ಹೊತ್ತು ಮಲಗುವಂತಿಲ್ಲ. ವೈದ್ಯರು ಬರೆದುಕೊಟ್ಟಂತೆ ಇಷ್ಟು ದಿನ, ದಿನಕ್ಕೆ ಒಂದು ಸಲ, ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿ ಎಬ್ಬಿಸುತ್ತಾರೆ. ಹಣ ಕೊಟ್ಟು ಬಂದ ಅತಿಥಿಯ ಮೈಗೆ ಎಷ್ಟು ಬೀಳುತ್ತದೆ ಎಂದು ಇವತ್ತು ನಿಮಿಷ ಎಣಿಸುವವರಿದ್ದಾರೆ. ಅದೇ ಬಾವಿಯ ತಳದಲ್ಲಿ ಪಾಳಿಯ ಮೇಲೆ ಪಾಳಿ ಕಳೆದವರಿಗೆ, ಎಷ್ಟು ಟನ್ ಅದಿರು ಮೇಲೆ ಬಂತು ಎಂದು ಎಣಿಸುವವರು ಮಾತ್ರ ಇದ್ದರು.